ನಾಯಿ ಮೈ ನಾರುತ್ತಿದೆಯಾ? ಮನೆಯಲ್ಲೇ ಮಾಡಬಹುದಾದ ಉಪಾಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರೆ ನಾಯಿ ಸಾಕಿದವರಿಗೆ ಎಷ್ಟು ಸಂಕಟವಾಗುತ್ತದೆ ಅಂತ ನನಗೆ ಗೊತ್ತು. ನಮ್ಮ ಮೂಗಿಗೆ ಆ ವಾಸನೆ ಒಗ್ಗಿಹೋಗಿರುತ್ತದೆ. ಬೇರೆಯವರು ಹೇಳಿದ ಮೇಲೆ ಗಾಬರಿಯಾಗಿ ಶಾಂಪೂ, ಸೆಂಟು, ಪೌಡರು ಅಂತ ಒಂದರ ಮೇಲೊಂದು ಹಾಕುತ್ತೇವೆ. ನಾನೂ ಹಾಗೆ ಮಾಡಿದವಳೇ. ಆಮೇಲೆ ನಿಧಾನಕ್ಕೆ ಅರ್ಥವಾದದ್ದು ಇಷ್ಟು: ವಾಸನೆ ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಏನು ಹಚ್ಚಿದರೂ ಎರಡೇ ದಿನ. ಹುಡುಕಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ, ಉಳಿದ ಅರ್ಧಕ್ಕೆ ಅಡುಗೆಮನೆಯ ಸಾಮಾನೇ ಬಹುಪಾಲು ಸಾಕಾಗುತ್ತದೆ. ಎಲ್ಲಿ ಸಾಕಾಗುವುದಿಲ್ಲ ಅನ್ನುವುದನ್ನೂ ಬರೆದಿದ್ದೇನೆ. ದಯವಿಟ್ಟು ಅದನ್ನು ಬಿಟ್ಟು ಓದಬೇಡಿ.

ನಾಯಿ ಅಂದಮೇಲೆ ವಾಸನೆ ಇದ್ದೇ ಇರುತ್ತೆ ಅಲ್ವಾ?

ಸ್ವಲ್ಪ ಇರುತ್ತದೆ. ನಾಯಿಯ ಚರ್ಮ ಒಂದು ಬಗೆಯ ಎಣ್ಣೆಯನ್ನು ಸುರಿಸುತ್ತದೆ. ಕೂದಲಿನ ಹೊಳಪು ಬರುವುದು ಅದರಿಂದಲೇ, ಚರ್ಮ ಒಣಗದಂತೆ ಕಾಯುವುದೂ ಅದೇ. ಆ ಎಣ್ಣೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಪ್ರತಿ ನಾಯಿಯ ಮೈಮೇಲೂ ಇರುತ್ತವೆ. ಅವು ಬಿಡುವ ರಾಸಾಯನಿಕಗಳೇ ನಮಗೆ ನಾಯಿ ವಾಸನೆಯಾಗಿ ಮೂಗಿಗೆ ಬಡಿಯುತ್ತವೆ. ಹತ್ತಿರ ಹೋಗಿ ಮೂಸಿದಾಗ ಮಾತ್ರ ಗೊತ್ತಾಗುವಷ್ಟು ವಾಸನೆ ಸಹಜ. ಅದು ಕೋಣೆಗೆ ಕಾಲಿಟ್ಟ ಕೂಡಲೇ ಹೊಡೆಯುವಂತಿದ್ದರೆ, ಅಥವಾ ಕಳೆದ ತಿಂಗಳು ಇಲ್ಲದ್ದು ಈಗ ಇದ್ದರೆ, ಏನೋ ಕಾರಣ ಇದೆ ಅಂತಲೇ ಲೆಕ್ಕ.

ಮೊಟ್ಟಮೊದಲು ಏನು ಮಾಡಲಿ?

ಮೂಸಿ. ಮುಜುಗರ ಬೇಡ, ನಿಮ್ಮದೇ ನಾಯಿ ತಾನೇ. ನೆಲದ ಮೇಲೆ ಆರಾಮಾಗಿ ಮಲಗಿರುವಾಗ ಪಕ್ಕದಲ್ಲಿ ಕೂತು ತಲೆಯಿಂದ ಬಾಲದವರೆಗೆ ಒಂದೊಂದೇ ಜಾಗ ನೋಡುತ್ತಾ ಹೋಗಿ. ಬಾಯಿ, ತುಟಿಯ ಮಡಿಕೆ, ಎರಡೂ ಕಿವಿ ಬೇರೆಬೇರೆಯಾಗಿ, ಕತ್ತು, ಕಂಕುಳು, ಹೊಟ್ಟೆಯ ಕೆಳಗೆ, ತೊಡೆ ಸಂದಿ, ಬೆರಳುಗಳ ನಡುವೆ, ಬಾಲದ ಬುಡ. ಕೂದಲು ಬಿಡಿಸಿ ಚರ್ಮದ ಬಣ್ಣ ನೋಡಿ. ಕೆಂಪಾಗಿದೆಯಾ, ಜಿಡ್ಡಾಗಿದೆಯಾ, ಹೊಟ್ಟು ಉದುರುತ್ತಿದೆಯಾ? ಐದು ನಿಮಿಷದ ಕೆಲಸ.

ನಮ್ಮ ಚುಕ್ಕಿಗೆ ಒಂದು ಸಲ ಒಂದೇ ವಾರದಲ್ಲಿ ಮೂರು ಸ್ನಾನ ಮಾಡಿಸಿದ್ದೆ. ಮೈಯೆಲ್ಲ ಘಮಘಮ, ಆದರೂ ಅಪ್ಪಿಕೊಂಡರೆ ಅದೇ ಕಮಟು. ಕೊನೆಗೆ ಕತ್ತಿನ ಬೆಲ್ಟ್ ಬಿಚ್ಚಿ ಮೂಗಿನ ಹತ್ತಿರ ಹಿಡಿದಾಗ ತಲೆ ತಿರುಗಿತು. ಒಳಮೈಯಲ್ಲಿ ಕಪ್ಪಗೆ ಜಿಡ್ಡು ಕಟ್ಟಿ, ಬಟ್ಟೆಯ ಎಳೆಗಳೇ ಕಾಣಿಸುತ್ತಿರಲಿಲ್ಲ. ಎರಡು ವರ್ಷದ ಜೊಲ್ಲು, ಮಳೆನೀರು, ಮೈಯೆಣ್ಣೆ ಎಲ್ಲ ಅದರಲ್ಲೇ ಇತ್ತು. ಪ್ರತಿ ಸಲ ಚೊಕ್ಕವಾಗಿ ತೊಳೆದ ಕತ್ತಿಗೆ ಅದನ್ನೇ ಮತ್ತೆ ಬಿಗಿಯುತ್ತಿದ್ದೆ. ಬೆಲ್ಟನ್ನು ಬಿಸಿನೀರು, ಸೋಪು ಹಾಕಿ ನೆನೆಸಿದೆ, ನೀರು ಚಹಾದ ಬಣ್ಣಕ್ಕೆ ತಿರುಗಿತು. ಈಗ ಎರಡು ಬೆಲ್ಟ್ ಇಟ್ಟಿದ್ದೇನೆ. ಒಂದು ಕತ್ತಿನಲ್ಲಿ, ಇನ್ನೊಂದು ಒಗೆದು ಒಣಹಾಕಿದ್ದು. ನಿಮ್ಮ ನಾಯಿಯ ಬೆಲ್ಟನ್ನು ಇವತ್ತೇ ಒಮ್ಮೆ ಬಿಚ್ಚಿ ನೋಡಿ. ಚರ್ಮದ ಬೆಲ್ಟ್ ಆಗಿದ್ದರೆ ನೆನೆಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಿ.

ಸ್ನಾನಕ್ಕೆ ಸಮಯವಿಲ್ಲ. ಈಗಿಂದೀಗಲೇ ವಾಸನೆ ಕಡಿಮೆಯಾಗಬೇಕು. ಏನು ಮಾಡಬಹುದು?

ಬಾಚಿ. ಇದನ್ನು ಹೇಳಿದರೆ ಜನ ನಂಬುವುದಿಲ್ಲ, ಅಷ್ಟು ಸುಲಭ ಅನ್ನಿಸುತ್ತದೆ. ಉದುರಿದ ಒಳಗೂದಲು, ಧೂಳು, ಹೊಟ್ಟು ಇವೇ ವಾಸನೆಯನ್ನು ಹಿಡಿದಿಟ್ಟುಕೊಂಡಿರುತ್ತವೆ. ಹತ್ತು ನಿಮಿಷ ಚೆನ್ನಾಗಿ ಬಾಚಿದರೆ ಕೈಗೆ ಬರುವ ಕೂದಲಿನ ಉಂಡೆಯನ್ನೇ ಮೂಸಿ ನೋಡಿ, ಗೊತ್ತಾಗುತ್ತದೆ.

ಬಾಚಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಮೈ ಒರೆಸಿ. ಮೊದಲು ಕೂದಲು ಬೆಳೆದ ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ. ಪಾದ, ಹೊಟ್ಟೆ, ಬಾಲದ ಕೆಳಗೆ ಕೊನೆಯಲ್ಲಿ. ಕಡೆಗೆ ಒಣ ಟವಲಿನಿಂದ ಒತ್ತಿ. ಸಣ್ಣ ಕೂದಲಿನ ನಾಯಿಗೆ ಇಷ್ಟೇ ಸಾಕು, ಸ್ನಾನವನ್ನು ಒಂದೆರಡು ವಾರ ಮುಂದೂಡಬಹುದು.

ಮೈ ಜಿಡ್ಡಾಗಿದ್ದರೆ ಕಾರ್ನ್ ಫ್ಲೋರ್ ಒಳ್ಳೆಯದು. ಅಂಗೈಯಲ್ಲಿ ಸ್ವಲ್ಪ ತೆಗೆದುಕೊಂಡು, ಎರಡೂ ಕೈಗೆ ಸವರಿಕೊಂಡು, ಬೆನ್ನು ಮತ್ತು ಪಕ್ಕೆಯ ಕೂದಲಿನ ಬುಡಕ್ಕೆ ಉಜ್ಜಿ. ಐದು ಹತ್ತು ನಿಮಿಷ ಬಿಟ್ಟು ಪೂರ್ತಿ ಬಾಚಿ ತೆಗೆಯಿರಿ. ಮುಖದ ಹತ್ತಿರ ಉದುರಿಸಬೇಡಿ, ಪುಡಿ ಯಾವುದೇ ಇರಲಿ ಉಸಿರಿನ ಜೊತೆ ಒಳಗೆ ಹೋಗಬಾರದು. ಒದ್ದೆ ಮೈಗೂ ಬೇಡ, ಅಂಟಾಗಿಬಿಡುತ್ತದೆ.

ಅಡುಗೆ ಸೋಡಾ ಮೈಗೆ ಹಾಕಬಹುದಾ?

ಹಾಸಿಗೆಗೆ ಹಾಕಿ, ಮೈಗೆ ಹಾಕುವುದನ್ನು ಆದಷ್ಟು ತಪ್ಪಿಸಿ ಅಂತಲೇ ನಾನು ಹೇಳುವುದು. ಸೋಡಾ ಹುಳಿ ವಾಸನೆಯನ್ನು ಚೆನ್ನಾಗಿ ಹೀರುತ್ತದೆ, ನಿಜ. ಆದರೆ ಅದು ಕ್ಷಾರ. ಪದೇ ಪದೇ ಹಾಕಿದರೆ ಚರ್ಮ ಒಣಗುತ್ತದೆ, ತುರಿಕೆ ಶುರುವಾಗುತ್ತದೆ. ಜೊತೆಗೆ ನಾಯಿ ಮೈ ನೆಕ್ಕುತ್ತದೆ. ಸೋಡಾ ಜಾಸ್ತಿ ಹೊಟ್ಟೆಗೆ ಹೋದರೆ ವಾಂತಿ, ಭೇದಿ ಆಗುತ್ತದೆ, ರಕ್ತದ ಲವಣಗಳ ಪ್ರಮಾಣ ಏರುಪೇರಾಗಿ ಜೀವಕ್ಕೇ ಅಪಾಯ ಬರಬಹುದು. ಅಪರೂಪಕ್ಕೊಮ್ಮೆ ಒಂದು ಚಿಟಿಕೆ ಹಾಕಿ, ಪೂರ್ತಿ ಬಾಚಿ ತೆಗೆದರೆ ತೊಂದರೆಯಿಲ್ಲ. ಆದರೆ ಅದೇ ಕೆಲಸವನ್ನು ಕಾರ್ನ್ ಫ್ಲೋರ್ ಮಾಡುವಾಗ ಸೋಡಾ ಯಾಕೆ ಬೇಕು?

ವಿನೆಗರ್ ನೀರು ಸಿಂಪಡಿಸಿದರೆ ನಿಜಕ್ಕೂ ಉಪಯೋಗ ಇದೆಯಾ?

ಇದೆ. ಅಡುಗೆಗೆ ಬಳಸುವ ವಿನೆಗರ್‌ನಲ್ಲಿ ಸುಮಾರು 5% ಅಸಿಟಿಕ್ ಆಮ್ಲ ಇರುತ್ತದೆ. ಅದು ಕ್ಷಾರದ ವಾಸನೆಯನ್ನು ಮುರಿಯುತ್ತದೆ, ಚರ್ಮದ ಮೇಲಿನ ಯೀಸ್ಟ್ ಬೆಳೆಯುವುದಕ್ಕೂ ಸ್ವಲ್ಪ ಅಡ್ಡಿ ಮಾಡುತ್ತದೆ. ಬಿಳಿ ವಿನೆಗರ್ ಆದರೂ ಸರಿ, ಆಪಲ್ ಸೈಡರ್ ವಿನೆಗರ್ ಆದರೂ ಸರಿ. ಒಂದು ಲೋಟ ವಿನೆಗರ್‌ಗೆ ಮೂರು ಲೋಟ ನೀರು ನನ್ನ ಅಳತೆ. ನೀರು ಬೆರೆಸದ ವಿನೆಗರ್ ಯಾವತ್ತೂ ಬೇಡ.

ಸ್ನಾನವಾದ ಮೇಲೆ ಕೊನೆಯ ನೀರಿನಂತೆ ಕತ್ತಿನಿಂದ ಕೆಳಗೆ ಸುರಿಯಬಹುದು. ಇಲ್ಲವೇ ಸ್ಪ್ರೇ ಬಾಟಲಿಯಲ್ಲಿ ತುಂಬಿ ಬಟ್ಟೆಯ ಮೇಲೆ ಸಿಂಪಡಿಸಿಕೊಂಡು ಮೈ ಒರೆಸಬಹುದು. ನೇರವಾಗಿ ಮೈಮೇಲೆ ಸಿಂಪಡಿಸಿದರೆ ಆ ಸದ್ದಿಗೇ ತುಂಬಾ ನಾಯಿಗಳು ಹೆದರುತ್ತವೆ. ವಿನೆಗರ್‌ನ ಘಾಟು ಒಣಗುತ್ತಿದ್ದಂತೆ ಹೋಗುತ್ತದೆ.

ಗಾಯ, ಕೆರೆದು ಕೆಂಪಾದ ಜಾಗ, ಕಣ್ಣು, ಕಿವಿಯ ಒಳಗೆ ಇವುಗಳಿಗೆ ತಾಗಿಸಬೇಡಿ. ಉರಿಯುತ್ತದೆ. ನಾಯಿಗೆ ಬಾಯಿಬಿಟ್ಟು ಹೇಳಲು ಆಗುವುದಿಲ್ಲ, ಮುಂದಿನ ಸಲ ಬಾಟಲಿ ಕಂಡರೇ ಮಂಚದ ಕೆಳಗೆ ಸೇರುತ್ತದೆ.

ಓಟ್ಸ್ ಸ್ನಾನ ಹೇಗೆ ಮಾಡಿಸುವುದು?

ವಾಸನೆಯ ಜೊತೆ ತುರಿಕೆಯೂ ಇದ್ದರೆ ಇದು ನನಗೆ ತುಂಬಾ ಇಷ್ಟವಾದ ಮನೆಮದ್ದು. ಸಕ್ಕರೆ, ಸುವಾಸನೆ ಏನೂ ಸೇರಿಸದ ಬರೀ ಓಟ್ಸ್ ತೆಗೆದುಕೊಂಡು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಎಷ್ಟು ನುಣ್ಣಗೆ ಅಂದರೆ, ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕದಡಿದರೆ ನೀರು ಹಾಲಿನಂತೆ ಬೆಳ್ಳಗಾಗಬೇಕು. ತಳದಲ್ಲಿ ತರಿ ಕೂತರೆ ಇನ್ನೊಂದು ಸುತ್ತು ಓಡಿಸಿ. ಸಣ್ಣ ನಾಯಿಗೆ ಕಾಲು ಕಪ್ಪಿನಿಂದ ಅರ್ಧ ಕಪ್, ದೊಡ್ಡದಕ್ಕೆ ಒಂದು ಕಪ್. ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ಮಗ್ಗಿನಲ್ಲಿ ಮೈಮೇಲೆ ಸುರಿಯುತ್ತಾ, ಕೈಯಿಂದ ಮೆಲ್ಲಗೆ ನೀವುತ್ತಾ 10 ನಿಮಿಷ ಹಾಗೇ ಇರಿಸಿ. ಆಮೇಲೆ ಬರೀ ನೀರಿನಲ್ಲಿ ತೊಳೆಯಿರಿ.

ಓಟ್ಸ್‌ನಲ್ಲಿರುವ ಕೆಲವು ಅಂಶಗಳು ಚರ್ಮದ ಉರಿಯನ್ನು ತಣಿಸುತ್ತವೆ, ತೇವ ಹಿಡಿದಿಡುತ್ತವೆ, ಜಿಡ್ಡನ್ನೂ ಮೆಲ್ಲಗೆ ಎತ್ತುತ್ತವೆ. ನಾಯಿ ಒಂದೆರಡು ಸಲ ನೆಕ್ಕಿದರೆ ಚಿಂತೆಯಿಲ್ಲ. ತೊಳೆಯುವಾಗ ಮಾತ್ರ ಅರ್ಜೆಂಟ್ ಮಾಡಬೇಡಿ, ಕೂದಲಿನ ಬುಡದಲ್ಲಿ ಪುಡಿ ಉಳಿದರೆ ಅದೇ ಹುಳಿಯುತ್ತದೆ.

ನಮ್ಮ ಶಾಂಪೂ ಹಾಕಿದರೆ ಏನಾಗುತ್ತೆ?

ಮನುಷ್ಯರ ಚರ್ಮದ ಪಿಎಚ್ (ಆಮ್ಲವೋ ಕ್ಷಾರವೋ ಅಂತ ತೋರಿಸುವ ಅಳತೆ, 7 ಅಂದರೆ ಎರಡೂ ಅಲ್ಲ) ಸುಮಾರು 5.5, ಅಂದರೆ ಸ್ವಲ್ಪ ಆಮ್ಲದ ಕಡೆಗೆ. ನಾಯಿಯ ಚರ್ಮದ್ದು ಹೆಚ್ಚುಕಡಿಮೆ 7ರ ಆಸುಪಾಸು. ಅದರ ಚರ್ಮದ ಹೊರಪದರವೂ ನಮ್ಮದಕ್ಕಿಂತ ತೆಳು. ನಮ್ಮ ಶಾಂಪೂ, ಸೋಪು ಪದೇ ಪದೇ ಹಾಕಿದರೆ ಎಣ್ಣೆಯೆಲ್ಲ ಕಿತ್ತು ಬಂದು ಚರ್ಮ ಬಿರುಸಾಗುತ್ತದೆ. ಆಗ ಸೋಂಕು ಹಿಡಿಯುವುದು ಸುಲಭ, ಸೋಂಕು ಅಂದರೆ ಮತ್ತೆ ವಾಸನೆ. ಯಾವತ್ತೋ ಒಂದು ದಿನ ಬೇರೆ ಏನೂ ಇಲ್ಲ ಅಂದರೆ ಪರವಾಗಿಲ್ಲ, ಆಕಾಶ ಬೀಳುವುದಿಲ್ಲ. ಅಭ್ಯಾಸ ಮಾಡಿಕೊಳ್ಳಬೇಡಿ ಅಷ್ಟೇ. ನೆಲ ಒರೆಸುವ ಫಿನಾಯಿಲ್ ತರಹದ್ದನ್ನು ಮಾತ್ರ ಒಂದು ಹನಿಯೂ ಮೈಗೆ ಹಾಕಬೇಡಿ. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ವಿಷ.

ಎಷ್ಟು ದಿನಕ್ಕೊಮ್ಮೆ ಸ್ನಾನ ಮಾಡಿಸಬೇಕು?

ಆರೋಗ್ಯವಾಗಿರುವ ನಾಯಿಗೆ ತಿಂಗಳಿಗೊಮ್ಮೆ ಸಾಕು, ಕೆಲವಕ್ಕೆ ಎರಡು ಮೂರು ತಿಂಗಳಿಗೊಮ್ಮೆಯೂ ನಡೆಯುತ್ತದೆ. ಕೆಸರಲ್ಲಿ ಆಡುವ ನಾಯಿ, ಜಿಡ್ಡು ಮೈಯ ನಾಯಿಗೆ ಇನ್ನೂ ಬೇಗ ಬೇಕಾಗಬಹುದು. ಉಣ್ಣಿ, ಚಿಗಟಕ್ಕೆ ಕತ್ತಿನ ಹಿಂದೆ ಹಾಕುವ ಹನಿ ಔಷಧ ಬಳಸುತ್ತಿದ್ದರೆ, ಹಾಕುವ ಮೊದಲು ಮತ್ತು ಆದ ಮೇಲೆ ಎರಡೆರಡು ದಿನ ಸ್ನಾನ ಬೇಡ. ಇಲ್ಲದಿದ್ದರೆ ಔಷಧ ಸುಮ್ನೆ ತೊಳೆದುಹೋಗುತ್ತದೆ.

ಸ್ನಾನ ಮಾಡಿಸಿದ ಮೇಲೆ ವಾಸನೆ ಇನ್ನೂ ಜಾಸ್ತಿಯಾಗುತ್ತದಲ್ಲ, ಯಾಕೆ?

ಒದ್ದೆ ನಾಯಿಯ ವಾಸನೆ ಅಂತ ಹೇಳುತ್ತಾರಲ್ಲ, ಅದಕ್ಕೆ ಸರಿಯಾದ ಕಾರಣವಿದೆ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಬಿಟ್ಟ ರಾಸಾಯನಿಕಗಳು ಕೂದಲಿಗೆ ಅಂಟಿಕೊಂಡಿರುತ್ತವೆ. ನೀರು ಬಿದ್ದಾಗ ಅವು ಬಿಡುಗಡೆಯಾಗುತ್ತವೆ, ನೀರು ಆವಿಯಾಗುವಾಗ ಜೊತೆಯಲ್ಲೇ ಗಾಳಿಗೆ ಸೇರಿ ಮೂಗಿಗೆ ಬರುತ್ತವೆ. ಮೈ ಪೂರ್ತಿ ಒಣಗಿದರೆ ವಾಸನೆ ಇಳಿಯುತ್ತದೆ. ಒಣಗದೆ ಉಳಿದರೆ ಆ ತೇವದಲ್ಲೇ ಯೀಸ್ಟ್ ಇನ್ನಷ್ಟು ಬೆಳೆದು, ಎರಡೇ ದಿನದಲ್ಲಿ ಮುಗ್ಗಲು ವಾಸನೆ ಶುರು.

ಹಾಗಾಗಿ ಸ್ನಾನದಲ್ಲಿ ಅರ್ಧ ಕೆಲಸ ಒಣಗಿಸುವುದೇ. ಸ್ನಾನಕ್ಕೆ ಮೊದಲೇ ಚೆನ್ನಾಗಿ ಬಾಚಿ, ಗಂಟು ಬಿಡಿಸಿ. ನೀರು ಬಿದ್ದರೆ ಗಂಟು ಇನ್ನೂ ಬಿಗಿಯಾಗುತ್ತದೆ, ಅದರೊಳಗಿನ ತೇವ ಹೋಗುವುದೇ ಇಲ್ಲ. ನೀರು ಮೊಣಕೈಗೆ ಹಿತವಾಗುವಷ್ಟು ಬೆಚ್ಚಗಿರಲಿ. ಶಾಂಪೂವನ್ನು ಬೇರೆ ಮಗ್ಗಿನಲ್ಲಿ ನೀರಿಗೆ ಕಲಸಿ ಹಾಕಿದರೆ ಎಲ್ಲ ಕಡೆ ಸಮವಾಗಿ ಹರಡುತ್ತದೆ, ತೊಳೆಯುವುದೂ ಸಲೀಸು. ನೊರೆ ಹೋಯಿತು ಅನ್ನಿಸಿದ ಮೇಲೂ ಇನ್ನೆರಡು ನಿಮಿಷ ನೀರು ಹಾಕಿ. ಕೂದಲನ್ನು ಬೆರಳಲ್ಲಿ ಹಿಡಿದು ಎಳೆದರೆ ಜಾರಬಾರದು.

ಟವಲಿನಿಂದ ಉಜ್ಜಬೇಡಿ, ಒತ್ತಿ ಹಿಡಿಯಿರಿ. ಎರಡು ಟವಲ್ ಇಟ್ಟುಕೊಳ್ಳಿ, ಮೊದಲನೆಯದು ನೀರು ಹೀರಿ ಭಾರವಾದ ಕೂಡಲೇ ಬದಲಿಸಿ. ಚುಕ್ಕಿಗೆ ಬೆನ್ನು ಒಣಗಿದ ಅರ್ಧ ಗಂಟೆಯ ಮೇಲೂ ಕಂಕುಳಲ್ಲಿ ಬೆರಳಿಟ್ಟರೆ ತಣ್ಣಗೆ ಒದ್ದೆ ತಾಗುತ್ತದೆ. ಕಿವಿಯ ಹಿಂದಿನ ಮೆತ್ತನೆ ಕೂದಲು, ಬಾಲದ ಬುಡ, ಬೆರಳಸಂದಿ ಕೂಡ ಹಾಗೇ. ಈ ನಾಲ್ಕು ಜಾಗ ಕೈಯಿಂದ ಮುಟ್ಟಿ ನೋಡದೆ ಒಣಗಿತು ಅನ್ನಬೇಡಿ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿ, ಒಂದಡಿ ದೂರದಿಂದ.

ಸೆಂಟು, ಪರಿಮಳದ ಎಣ್ಣೆಗಳು?

ಬೇಡ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಕೆಲವೇ ಮಿಲಿಯನ್, ನಾಯಿಯ ಮೂಗಿನಲ್ಲಿ ನೂರಾರು ಮಿಲಿಯನ್. ನಮಗೆ ಹಿತವಾದ ಘಮ ಅದಕ್ಕೆ ಇಡೀ ದಿನ ಕಿವಿಯ ಪಕ್ಕ ಡೋಲು ಬಡಿದಂತೆ. ಅದರಿಂದ ಓಡಿಹೋಗಲೂ ಆಗುವುದಿಲ್ಲ, ಅದರ ಮೈಮೇಲೇ ಇದೆಯಲ್ಲ.

ಟೀ ಟ್ರೀ ಎಣ್ಣೆಯ ಬಗ್ಗೆ ಒತ್ತಿ ಹೇಳಲೇಬೇಕು. ‘ನೈಸರ್ಗಿಕ’ ಅಂತ ಬರೆದಿರುವುದನ್ನು ನೋಡಿ ಜನ ಹಚ್ಚುತ್ತಾರೆ. ಅಪ್ಪಟ ಟೀ ಟ್ರೀ ಎಣ್ಣೆ ಕೆಲವೇ ಹನಿ ಚರ್ಮದ ಮೂಲಕ ಒಳಗೆ ಹೋದರೂ ಸಾಕು, ನಾಯಿ ತೂರಾಡಬಹುದು, ನಡುಗಬಹುದು, ಹಿಂಗಾಲಿನ ಬಲ ಹೋಗಬಹುದು. ಹಾಗೇನಾದರೂ ಆಗಿದ್ದರೆ ಪಾತ್ರೆ ತೊಳೆಯುವ ಸೋಪಿನಿಂದ ಮೈ ತೊಳೆದು ತಕ್ಷಣ ಪಶುವೈದ್ಯರ ಹತ್ತಿರ ಓಡಿ.

ನಿಂಬೆರಸ, ಕೊಬ್ಬರಿ ಎಣ್ಣೆ ಹಚ್ಚಬಹುದಾ?

ನಿಂಬೆ ಚರ್ಮವನ್ನು ಉರಿಸುತ್ತದೆ, ಬಿಟ್ಟುಬಿಡಿ. ಕೊಬ್ಬರಿ ಎಣ್ಣೆ ಒಡೆದ ಅಂಗಾಲಿಗೆ ಸ್ವಲ್ಪ ಸವರಿದರೆ ಸರಿ, ವಾಸನೆಗೆ ಅದು ಮದ್ದಲ್ಲ. ಮೈಗೆಲ್ಲ ಹಚ್ಚಿದರೆ ಧೂಳು ಅಂಟುತ್ತದೆ, ನೆಕ್ಕಿ ನೆಕ್ಕಿ ಭೇದಿಯಾಗುತ್ತದೆ.

ಬಾಯಿ ಗಬ್ಬು ನಾರುತ್ತಿದೆ. ಮನೆಯಲ್ಲಿ ಏನು ಮಾಡಬಹುದು?

ಮೂರು ವರ್ಷ ದಾಟಿದ ಹೆಚ್ಚಿನ ನಾಯಿಗಳಲ್ಲಿ ವಸಡಿನ ರೋಗ ಸ್ವಲ್ಪವಾದರೂ ಶುರುವಾಗಿರುತ್ತದೆ. ತುಟಿ ಎತ್ತಿ ಹಿಂದಿನ ಹಲ್ಲುಗಳನ್ನು ನೋಡಿ. ಹಳದಿ ಅಥವಾ ಕಂದು ಪಾಚಿ ಗಟ್ಟಿಯಾಗಿ ಕೂತಿದ್ದರೆ, ವಸಡು ಕೆಂಪಾಗಿದ್ದರೆ, ಅದು ಮನೆಯಲ್ಲಿ ಹೋಗುವಂಥದ್ದಲ್ಲ. ವೈದ್ಯರು ಅರಿವಳಿಕೆ ಕೊಟ್ಟು ತೆಗೆಯಬೇಕು.

ಗಟ್ಟಿಯಾಗುವ ಮೊದಲು ನಮ್ಮ ಕೈಲಿ ಮಾಡಲು ಬೇಕಾದಷ್ಟಿದೆ. ತೋರುಬೆರಳಿಗೆ ಒದ್ದೆ ಗಾಜ್ ಬಟ್ಟೆ ಸುತ್ತಿಕೊಂಡು ಹಲ್ಲಿನ ಹೊರಮೈ ಉಜ್ಜಿ. ಮೊದಲ ದಿನ ತುಟಿ ಎತ್ತಿ ಬಿಟ್ಟರೆ ಸಾಕು, ಎರಡನೇ ದಿನ ಎರಡು ಹಲ್ಲು. ಎರಡು ವಾರದಲ್ಲಿ ನಾಯಿ ಒಪ್ಪಿಕೊಳ್ಳುತ್ತದೆ. ದಿನಾ ಉಜ್ಜಿದರೆ ಫಲ ಖಂಡಿತ ಕಾಣುತ್ತದೆ, ವಾರಕ್ಕೊಮ್ಮೆ ಮಾಡಿದರೆ ಅಷ್ಟೇನೂ ಇಲ್ಲ.

ನಮ್ಮ ಟೂತ್‌ಪೇಸ್ಟ್ ಮಾತ್ರ ಬೇಡ. ಕೆಲವು ಪೇಸ್ಟ್‌ಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಗೇ ಇಳಿಸುತ್ತದೆ, ಲಿವರನ್ನೂ ಕೆಡಿಸಬಹುದು.

ಬಾಯಿಯ ವಾಸನೆ ಇದ್ದಕ್ಕಿದ್ದಂತೆ ಬಂದಿದ್ದರೆ ಟಾರ್ಚ್ ಹಿಡಿದು ಬಾಯಿಯ ಅಂಗುಳನ್ನು ನೋಡಿ. ಕಡ್ಡಿ ಚೂರೋ ಮೂಳೆಯೋ ಮೇಲಿನ ಎರಡು ಸಾಲು ಹಲ್ಲುಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿರುವುದುಂಟು. ಉಸಿರು ಸಿಹಿಯಾಗಿ, ನೇಲ್ ಪಾಲಿಶ್ ತೆಗೆಯುವ ದ್ರವದಂತೆ ಇದ್ದರೆ ಸಕ್ಕರೆ ಕಾಯಿಲೆಯ ಸೂಚನೆ ಇರಬಹುದು. ಮೂತ್ರದಂತೆ ಇದ್ದರೆ ಕಿಡ್ನಿಯದು. ಎರಡಕ್ಕೂ ಕಾಯಬೇಡಿ.

ಕಿವಿಯಿಂದ ಹುಳಿ ವಾಸನೆ ಬರುತ್ತಿದೆ.

ಜೋಲು ಕಿವಿಯ ನಾಯಿಗಳಲ್ಲಿ ಇದು ಸಾಮಾನ್ಯ, ಗಾಳಿ ಆಡುವುದಿಲ್ಲವಲ್ಲ. ನಾಯಿಯ ಕಿವಿಯ ದಾರಿ ನೇರವಾಗಿಲ್ಲ, ಕೆಳಗೆ ಇಳಿದು ಒಳಕ್ಕೆ ತಿರುಗುತ್ತದೆ. ಅದಕ್ಕೇ ಒಳಗೆ ಹೋದ ನೀರು ಅಲ್ಲೇ ಉಳಿಯುತ್ತದೆ. ಸ್ನಾನದ ಮೊದಲು ಕಿವಿಯ ಬಾಯಿಗೆ ದೊಡ್ಡ ಹತ್ತಿ ಉಂಡೆ ಮೆಲ್ಲಗೆ ಇಡಿ, ಆಮೇಲೆ ಮರೆಯದೆ ತೆಗೆಯಿರಿ. ಕಾಣುವಷ್ಟು ಭಾಗವನ್ನು ಮಾತ್ರ ಒದ್ದೆ ಹತ್ತಿಯಿಂದ ಒರೆಸಿ. ಕಿವಿಕಡ್ಡಿ ಹಾಕಿದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ.

ತಲೆ ಒದರುವುದು, ಕೆರೆಯುವುದು, ಮುಟ್ಟಿದರೆ ಅಳುವುದು, ಕಂದು ಅಥವಾ ಹಳದಿ ಕೊಳೆ ಇವುಗಳಲ್ಲಿ ಯಾವುದಿದ್ದರೂ ಮನೆಮದ್ದು ಬಿಡಿ. ಕಿವಿಯ ತಮಟೆ ಹರಿದಿದ್ದರೆ ನೀವು ಹಾಕಿದ ವಿನೆಗರ್, ಎಣ್ಣೆ, ಪೆರಾಕ್ಸೈಡ್ ತಮಟೆ ದಾಟಿ ಕಿವಿಯ ಒಳಭಾಗಕ್ಕೇ ಇಳಿಯುತ್ತದೆ. ಹರಿದಿದೆಯೋ ಇಲ್ಲವೋ ಹೊರಗಿನಿಂದ ನಮಗೆ ಕಾಣುವುದಿಲ್ಲ.

ನಾಯಿ ಎದ್ದು ಹೋದ ಜಾಗದಲ್ಲಿ ಮೀನಿನ ವಾಸನೆ. ಏನಿದು?

ಗುದದ ಎರಡೂ ಪಕ್ಕ ಒಳಗೆ ಎರಡು ಸಣ್ಣ ಚೀಲಗಳಿವೆ. ಗಡಿಯಾರಕ್ಕೆ ಹೋಲಿಸಿದರೆ 4 ಮತ್ತು 8 ಗಂಟೆಯ ಜಾಗದಲ್ಲಿ. ಅದರ ದ್ರವಕ್ಕೆ ಕೆಟ್ಟ ಮೀನಿನ ವಾಸನೆ. ಗಟ್ಟಿ ಮಲ ಹೋಗುವಾಗ ತಾನಾಗಿಯೇ ಖಾಲಿಯಾಗುತ್ತದೆ. ಹೆದರಿದಾಗಲೂ ಸ್ವಲ್ಪ ಚಿಮ್ಮಬಹುದು, ಆಗ ಒರೆಸಿದರೆ ಆಯಿತು. ಆದರೆ ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಾ ಎಳೆದಾಡುತ್ತಿದ್ದರೆ, ಅಲ್ಲೇ ನೆಕ್ಕುತ್ತಿದ್ದರೆ, ಚೀಲ ಕಟ್ಟಿಕೊಂಡಿರಬಹುದು. ವಿಡಿಯೋ ನೋಡಿ ನೀವೇ ಹಿಸುಕಲು ಹೋಗಬೇಡಿ, ನೋವಾಗುತ್ತದೆ, ಒಳಗೇ ಒಡೆಯಲೂಬಹುದು. ವೈದ್ಯರಿಗೆ ಅದು ಕೆಲವೇ ನಿಮಿಷದ ಕೆಲಸ. ಚೆನ್ನಾಗಿದ್ದ ಚೀಲವನ್ನು ಸುಮ್ನೆ ಪ್ರತಿ ತಿಂಗಳು ಖಾಲಿ ಮಾಡಿಸುವುದೂ ಬೇಡ.

ಪಾದದಲ್ಲಿ ಪಾಪ್‌ಕಾರ್ನ್ ವಾಸನೆ ಬರುತ್ತೆ!

ನಾಯಿ ಅಂಗಾಲಲ್ಲಿ ಬೆವರುತ್ತದೆ, ಬೆರಳಸಂದಿಯಲ್ಲಿ ತೇವ ನಿಲ್ಲುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಈ ವಾಸನೆ ಕೊಡುತ್ತದೆ. ಹಗುರವಾಗಿದ್ದರೆ ಸಹಜ. ಹೊರಗಿಂದ ಬಂದ ಮೇಲೆ ಪಾದ ತೊಳೆದು ಬೆರಳಸಂದಿ ಒರೆಸಿ. ಬೆರಳಸಂದಿ ಕೆಂಪಾಗಿ, ನಾಯಿ ಸದಾ ಪಾದ ನೆಕ್ಕುತ್ತಿದ್ದು, ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅಲರ್ಜಿಯೋ ಯೀಸ್ಟೋ ಇರಬಹುದು.

ಮುಖದಲ್ಲಿ ಮಡಿಕೆ ಇರುವ ಪಗ್, ಬುಲ್‌ಡಾಗ್‌ಗಳಿಗೆ?

ಮಡಿಕೆಯೊಳಗೆ ಕಣ್ಣೀರು, ಜೊಲ್ಲು, ಅನ್ನದ ಅಗುಳು ಸೇರಿ ಕೊಳೆಯುತ್ತವೆ. ದಿನಾ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ಎರಡನೆಯದೇ ಮುಖ್ಯ. ಪುಡಿ ಹಾಕಬೇಡಿ, ತೇವಕ್ಕೆ ಗಂಟಾಗಿ ಚರ್ಮ ಉಜ್ಜುತ್ತದೆ.

ಕೊಳೆತ ಏನೋ ಒಂದರ ಮೇಲೆ ಹೊರಳಾಡಿ ಬಂದಿದೆ. ಯಾವ ಶಾಂಪೂಗೂ ಹೋಗುತ್ತಿಲ್ಲ.

ಇದಕ್ಕೊಂದು ಒಳ್ಳೆಯ ಮಿಶ್ರಣವಿದೆ. ಅಮೆರಿಕ ಖಂಡಗಳಲ್ಲಿ ಸ್ಕಂಕ್ ಅನ್ನುವ ಪ್ರಾಣಿ ನಾಯಿಯ ಮೇಲೆ ಭಯಂಕರ ನಾತದ ದ್ರವ ಚಿಮ್ಮಿಸುತ್ತದೆ. ಅದಕ್ಕೆ ಪರಿಹಾರವಾಗಿ ಪಾಲ್ ಕ್ರೆಬಾಮ್ ಎಂಬ ರಸಾಯನ ವಿಜ್ಞಾನಿ 1993ರಲ್ಲಿ ಇದನ್ನು ಪ್ರಕಟಿಸಿದರು. 3% ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ಒಂದೆರಡು ಟೀ ಚಮಚ. ನಾತಕ್ಕೆ ಕಾರಣವಾದ ಗಂಧಕದ ಸಂಯುಕ್ತಗಳನ್ನು ಇದು ವಾಸನೆಯಿಲ್ಲದ ಬೇರೆ ವಸ್ತುಗಳಾಗಿ ಬದಲಿಸುತ್ತದೆ. ಟೊಮೆಟೊ ರಸ ಹಚ್ಚಿ ಅನ್ನುವ ಹಳೆಯ ಸಲಹೆ ಕೆಲಸ ಮಾಡುವುದಿಲ್ಲ, ನಮ್ಮ ಮೂಗು ದಣಿದು ವಾಸನೆ ಹೋದಂತೆ ಅನ್ನಿಸುತ್ತದೆ ಅಷ್ಟೇ. ಕೊಳೆತ ಮಾಂಸದ ನಾತದಲ್ಲೂ ಗಂಧಕದ ಸಂಯುಕ್ತಗಳು ಇರುವುದರಿಂದ ಇಲ್ಲೂ ಇದು ಉಪಯೋಗಕ್ಕೆ ಬರುತ್ತದೆ.

ಗ್ಲೌಸ್ ಹಾಕಿಕೊಳ್ಳಿ. ತೆರೆದ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಕಲಸಿದ ಕೂಡಲೇ ಬಳಸಿ. ಕಣ್ಣು, ಬಾಯಿಗೆ ತಾಗಿಸದೆ ಐದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಉಳಿದದ್ದನ್ನು ಚೆಲ್ಲಿಬಿಡಿ. ಬಾಟಲಿಯಲ್ಲಿ ತುಂಬಿ ಮುಚ್ಚಿಟ್ಟರೆ ಒಳಗೆ ಆಮ್ಲಜನಕ ತುಂಬಿ ಬಾಟಲಿ ಸಿಡಿಯುತ್ತದೆ. ಗಾಯವಿದ್ದರೆ ಬೇಡ. ಕಪ್ಪು ಕೂದಲಿನ ಬಣ್ಣ ಸ್ವಲ್ಪ ತಿಳಿಯಾಗಬಹುದು. ಇದು ಅಪರೂಪದ ದಿನಕ್ಕೆ ಮಾತ್ರ, ಮಾಮೂಲಿ ಸ್ನಾನಕ್ಕಲ್ಲ.

ನಾಯಿ ಚೊಕ್ಕವಾಗಿದೆ, ಮನೆಯೇ ನಾರುತ್ತಿದೆ.

ಹಾಗಾದರೆ ಹಾಸಿಗೆ ನೋಡಿ. ತೊಳೆದ ನಾಯಿ ಹಳೇ ಹಾಸಿಗೆಯಲ್ಲಿ ಒಂದು ರಾತ್ರಿ ಮಲಗಿದರೆ ಮತ್ತೆ ಮೊದಲಿನಂತೆಯೇ. ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ, ಬಟ್ಟೆ ತಡೆಯುವುದಾದರೆ 60 ಡಿಗ್ರಿ. ಒಗೆಯುವ ಮೊದಲು ಕೂದಲು ಕೊಡವಿ. ಪುಡಿಯ ಜೊತೆ ಅರ್ಧ ಕಪ್ ಅಡುಗೆ ಸೋಡಾ ಹಾಕಬಹುದು. ಬಿಸಿಲಿಗೆ ಒಣಹಾಕಿದರೆ ಇನ್ನೂ ಒಳ್ಳೆಯದು.

ಒಗೆಯಲಾಗದ ಸೋಫಾ, ಕಾರಿನ ಸೀಟು, ಕಾರ್ಪೆಟ್ ಮೇಲೆ ಸೋಡಾ ಉದುರಿಸಿ, ನಾಯಿಯನ್ನು ಬೇರೆ ಕೋಣೆಯಲ್ಲಿ ಬಿಟ್ಟು, ಅರ್ಧ ಗಂಟೆಯಾದ ಮೇಲೆ ವ್ಯಾಕ್ಯೂಮ್ ಕ್ಲೀನರ್‌ನಿಂದ ಪೂರ್ತಿ ಎಳೆದು ತೆಗೆಯಿರಿ. ಮೂತ್ರದ ಜಾಗಕ್ಕೆ ಮೊದಲು ನೀರು, ಆಮೇಲೆ ನೀರು ಬೆರೆಸಿದ ವಿನೆಗರ್, ಒಣಗಿದ ಮೇಲೆ ಸೋಡಾ. ಅಮೋನಿಯಾ ಇರುವ ಕ್ಲೀನರ್ ಬೇಡ, ನಾಯಿಗೆ ಅದು ಮೂತ್ರದಂತೆಯೇ ಅನ್ನಿಸಿ ಮತ್ತೆ ಅಲ್ಲೇ ಮಾಡುತ್ತದೆ. ಬಟ್ಟೆಯ ಗೊಂಬೆ, ನೀರಿನ ಬಟ್ಟಲು, ಕೈಯಲ್ಲಿ ಹಿಡಿಯುವ ಹಗ್ಗ ಇವೂ ತೊಳೆಯುವ ಪಟ್ಟಿಯಲ್ಲಿರಲಿ.

ಊಟ ಬದಲಿಸಿದರೆ ವಾಸನೆ ಕಡಿಮೆಯಾಗುತ್ತದಾ?

ಗ್ಯಾಸ್‌ನ ವಾಸನೆ ಆದರೆ ಹೌದು, ಕಡಿಮೆಯಾಗಬಹುದು. ಗಬಗಬ ನುಂಗುವ ನಾಯಿ ಗಾಳಿಯನ್ನೂ ನುಂಗುತ್ತದೆ, ಊಟವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಕೊಡಿ. ಹಾಲು ಕೊಡುತ್ತಿದ್ದರೆ ನಿಲ್ಲಿಸಿ ನೋಡಿ, ಬೆಳೆದ ನಾಯಿಗಳಲ್ಲಿ ಹಲವಕ್ಕೆ ಅದು ಸರಿಯಾಗಿ ಜೀರ್ಣವಾಗುವುದಿಲ್ಲ. ಹೊಸ ಆಹಾರಕ್ಕೆ ಬದಲಾಯಿಸುವುದಿದ್ದರೆ ಒಂದು ವಾರ ಹಳೆಯದರ ಜೊತೆ ಬೆರೆಸುತ್ತಾ ಹೋಗಿ. ಮೈಯ ವಾಸನೆಗೆ ಊಟ ಕಾರಣವಾಗುವುದು ಹೆಚ್ಚಾಗಿ ಅಲರ್ಜಿ ಇದ್ದಾಗ.

ಮರಿಗೂ, ವಯಸ್ಸಾದ ನಾಯಿಗೂ ಇದೇ ವಿಧಾನವಾ?

ಎಂಟು ವಾರದೊಳಗಿನ ಮರಿಗೆ ಸ್ನಾನ ಬೇಡ, ಬೆಚ್ಚನೆ ಒದ್ದೆ ಬಟ್ಟೆ ಸಾಕು, ಆಮೇಲೆ ಎದೆಗಪ್ಪಿ ಒಣಗಿಸಿ. ಮರಿಯ ಮೈ ಬಹಳ ಬೇಗ ತಣ್ಣಗಾಗುತ್ತದೆ. ವಯಸ್ಸಾದ ನಾಯಿ ಬಗ್ಗಿ ನೆಕ್ಕಿಕೊಳ್ಳಲಾರದು, ಕೆಲವು ಸಲ ಮಲಗಿದಲ್ಲೇ ಮೂತ್ರ ಹೋಗಿರುತ್ತದೆ. ಬೈಯಬೇಡಿ, ಅದಕ್ಕೂ ಗೊತ್ತಾಗಿರುವುದಿಲ್ಲ. ಹಿಂಭಾಗದ ಉದ್ದ ಕೂದಲು ಕತ್ತರಿಸಿ, ದಿನಕ್ಕೆರಡು ಸಲ ಒರೆಸಿ. ಜಾರದಂತೆ ಬಚ್ಚಲಲ್ಲಿ ರಬ್ಬರ್ ಚಾಪೆ ಹಾಸಿ.

ಯಾವಾಗ ಮನೆಮದ್ದು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು?

ಸ್ನಾನವಾದ ಎರಡು ಮೂರು ದಿನದಲ್ಲೇ ಕಮಟು ವಾಸನೆ ಮರಳಿದರೆ, ಚರ್ಮ ಜಿಡ್ಡಾಗಿ, ದಪ್ಪಗಾಗಿ, ಕಪ್ಪಾಗಿದ್ದರೆ ಅದು ಯೀಸ್ಟ್ ಸೋಂಕು ಇರಬಹುದು. ಕ್ಲೋರ್‌ಹೆಕ್ಸಿಡಿನ್ ಇರುವ ಔಷಧಿ ಶಾಂಪೂ ಬರೆದುಕೊಡುತ್ತಾರೆ. ಅದನ್ನು ಹಚ್ಚಿ ಗಡಿಯಾರ ನೋಡಿ 10 ನಿಮಿಷ ಬಿಡಬೇಕು. ತುಂಬಾ ಜನ ಹಚ್ಚಿದ ಕೂಡಲೇ ತೊಳೆದು, ಶಾಂಪೂ ಚೆನ್ನಾಗಿಲ್ಲ ಅನ್ನುತ್ತಾರೆ.

ಎರಡು ವಾಸನೆಗಳಿಗೆ ಅದೇ ದಿನ ಹೊರಡಿ. ಒಂದು, ಕೊಳೆತ ಮಾಂಸದಂಥ ವಾಸನೆ. ದಟ್ಟ ಕೂದಲಿನ ಕೆಳಗೆ ಗಾಯಕ್ಕೆ ಹುಳ ಬಿದ್ದಿರಬಹುದು, ಹೊರಗಿನಿಂದ ಒಂದು ಒದ್ದೆ ಜಾಗದಂತೆ ಮಾತ್ರ ಕಾಣುತ್ತದೆ. ಇನ್ನೊಂದು, ಸಂತಾನಹರಣ ಆಗದ ಹೆಣ್ಣು ನಾಯಿ ಬೆದೆಗೆ ಬಂದು ಹೋದ ಒಂದೆರಡು ತಿಂಗಳೊಳಗೆ ಹಿಂದಿನಿಂದ ಕೀವಿನಂಥ ಸ್ರಾವ, ಜಾಸ್ತಿ ನೀರು ಕುಡಿಯುವುದು, ಮಂಕಾಗಿರುವುದು. ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ತಡ ಮಾಡಿದರೆ ಪ್ರಾಣ ಹೋಗುತ್ತದೆ. ಸ್ರಾವ ಕಾಣದೆಯೂ ಇದು ಆಗಬಹುದು.

ಹೊರಡುವ ಮುಂಚೆ ನಾಯಿಗೆ ಸ್ನಾನ ಮಾಡಿಸಬೇಡಿ, ಕಿವಿಯನ್ನೂ ಒರೆಸಬೇಡಿ. ನಾತ ಹೊಡೆಯುವ ನಾಯಿಯನ್ನು ಕರೆದುಕೊಂಡು ಹೋಗಲು ಸಂಕೋಚವಾಗುತ್ತದೆ, ನಿಜ. ಆದರೆ ಡಾಕ್ಟರಿಗೆ ಆ ಕೊಳೆ, ಆ ಸ್ರಾವವೇ ಬೇಕು. ಹತ್ತಿಯಲ್ಲಿ ಅದನ್ನೇ ಸವರಿ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವ ಸೋಂಕು ಅಂತ ಹೇಳುತ್ತಾರೆ.